ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಎಎ ಸಭೆ ಹುಡುಕೂದು ಹೆಂಗ, ಹೋಗಿ ಕೂಡೂದು ಹೆಂಗ?

ಘಟಪ್ರಭಾ ದಂಡಿ
ನಮಸ್ಕಾರ್ರಿ ಎಲ್ಲಾರಿಗೂ. ಗೋಕಾಕ ತಾಲ್ಲೂಕಿನ ಹಳ್ಳಿ ನಮ್ದು. ಮನ್ಯಾಗ ಹಿರಿಯರೊಬ್ಬರಿಗೆ ಕುಡಿಯೂದು ಬಿಡಬೇಕಂತ ಮನಸ್ಸು ಬಂದೈತಿ. ದಿನಾ ಎರಡು ಕ್ವಾರ್ಟರ್ ಬೇಕು, ಮುಂಜಾನೆ ಎದ್ದಕೂಡ್ಲೆ ಕೈ ನಡಗತಾವ. ಕುಡಿಯೂದು ಬಿಟ್ಟವರ ಕೂಡಿ ನಡಸೂ ಎಎ ಸಭೆ ಅಂತ ಇರತಾವಂತ. ನಮ್ಮ ಕಡೆ ಎಲ್ಲಿ ನಡೀತಾವ, ಹುಡುಕೂದು ಹೆಂಗ, ರೊಕ್ಕ ಎಷ್ಟು, ಅಲ್ಲಿ ಏನ್ ಕೇಳತಾರ, ಊರಾಗ ಗೊತ್ತಾಗತೈತೇನು? ತಿಳಿದವರು ಬಿಡಿಸಿ ಹೇಳ್ರಿ. ನಾಳೆಯಿಂದ ಒಮ್ಮೆಲೆ ಬಂದ್ ಮಾಡಿಸಿ ಕರಕೊಂಡು ಹೋಗೂದಂತ ಮಾಡೇವಿ.

ದವಾಖಾನಿ ಅಕ್ಕ
ತಮ್ಮಾ, ಸಭೆ ಮಾತು ಆಮ್ಯಾಲ. ಮೊದಲ ಆ "ಒಮ್ಮೆಲೆ ಬಂದ್" ಅನ್ನೂದನ್ನ ನಿಲ್ಲಸ್ರಿ. ವಿಸ್ಕಿ, ರಮ್ ಯಾವುದ ಆಗ್ಲಿ, 30 ಎಂಎಲ್‌ಗೆ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್ ಇರತೈತಿ. ಎರಡು ಕ್ವಾರ್ಟರ್ ಅಂದ್ರ 360 ಎಂಎಲ್, 120 ಗ್ರಾಂ. ದಿನಾ ಇಷ್ಟು ಹೋಗೂ ಮೈಗೆ, ಅದೂ ಮುಂಜಾನೆ ಕೈ ನಡಗೂ ಮೈಗೆ, ದಿಢೀರನೆ ನಿಲ್ಲಿಸಿದ್ರ ಜೀವಕ್ಕ ಅಪಾಯ ಬರಬಹುದು.

ಕಡೀ ಸಲ ಕುಡಿದ ಹೊತ್ತಿನಿಂದ ಲೆಕ್ಕ ಇಡ್ರಿ. 6ರಿಂದ 24 ತಾಸಿನ ಒಳಗ ನಡುಕ, ಬೆವರು, ವಾಂತಿ, ನಿದ್ದಿ ಇಲ್ಲದ್ದು. 6ರಿಂದ 48 ತಾಸಿನ ನಡುವ ಫಿಟ್ಸ್ ಬರೂ ಸಾಧ್ಯತೆ. 48ರಿಂದ 96 ತಾಸಿನ ನಡುವ ಕೆಲವರಿಗೆ ಸನ್ನಿ: ಇಲ್ಲದ ಮನುಷ್ಯಾರು ಕಾಣತಾರ, ಗ್ವಾಡಿ ಮ್ಯಾಲ ಹುಳ ಹರಿದಾಡಿದಂಗ ಅಕ್ಕೈತಿ, ಮನೀ ಮಂದಿ ಗುರ್ತು ಹತ್ತೂದಿಲ್ಲ, ಜ್ವರ, ಎದಿ ಬಡಿತ ಏರತೈತಿ. ಇದನ್ನ ನೋಡಿ "ದೆವ್ವ ಬಡದೈತಿ" ಅಂತ ಗುಡಿಗೆ, ದರ್ಗಾಕ್ಕ ಕರಕೊಂಡು ಹೋಗಿ ಹೊತ್ತು ಕಳೀತಾರ. ಹೋಗಬೇಕಾದ್ದು 108ರಾಗ, ದೊಡ್ಡ ದವಾಖಾನಿಗೆ. ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದಿತ್ತಂದ್ರ ಈ ಸಲ ಮನ್ಯಾಗ ಬಿಡಿಸೂ ಮಾತ ಬ್ಯಾಡ.

ಇನ್ನೊಂದು. ಸುಸ್ತಾಗೈತಿ ಅಂತ ಹಳ್ಳಿ ಡಾಕ್ಟರ್ ಕಡೆ ಹೋದಕೂಡ್ಲೆ ಗ್ಲುಕೋಸ್ ಸಲೈನ್ ಹಚ್ಚತಾರ. ಭಾಳ ದಿನ ಕುಡಿದವರ ಮೈಯಾಗ ಥಯಾಮಿನ್, ಅಂದ್ರ ಬಿ1, ಖಾಲಿ ಆಗಿರತೈತಿ. ಬಿ1 ಕೊಡದ ಬರೇ ಗ್ಲುಕೋಸ್ ಏರಿಸಿದ್ರ ಮಿದುಳಿಗೆ ಪೆಟ್ಟು ಬೀಳೂ ಸಂಭವ ಐತಿ. "ದಿನಾ ಇಷ್ಟು ಕುಡೀತಾರ್ರಿ, ಕಡೀ ಸಲ ಇಷ್ಟೊತ್ತಿಗೆ ಕುಡದಾರ" ಅಂತ ಮೊದಲ ಬಾಯಿ ಬಿಟ್ಟು ಹೇಳ್ರಿ. ನಾಚಿಕಿ ಬ್ಯಾಡ. ಅದನ್ನ ಮುಚ್ಚಿಟ್ಟರ ಡಾಕ್ಟರ್ ಬ್ಯಾರೆ ಜಡ್ಡಿಗೆ ಔಷಧ ಕೊಡತಾರ.

ಮನೋವೈದ್ಯರು ಕ್ಲೋರ್‌ಡಯಾಜೆಪಾಕ್ಸೈಡ್ ಇಲ್ಲಾ ಲೊರಾಜೆಪಾಮ್ ಗುಳಿಗಿ ಬರದು, ದಿನಾ ಒಂದೀಟು ಇಳಿಸ್ತಾ ಒಂದು ವಾರದ ಸುತ್ತಮುತ್ತ ಬಂದ್ ಮಾಡತಾರ. ಆ ಚೀಟಿ ಹಿಡಕೊಂಡು ಮತ್ತ ಮತ್ತ ಮೆಡಿಕಲ್ ಅಂಗಡಿಗೆ ಹೋಗಬಾರದು, ಆ ಗುಳಿಗಿನ ಚಟ ಆಗತಾವ. ಮತ್ತ ಗುಳಿಗಿ ನಡದಾಗ ಕುಡದ್ರ ಉಸಿರ ನಿಂತೀತು.

ಮೈ ಒಂದು ಹದಕ್ಕ ಬಂದ ಮ್ಯಾಲ ಸಭೆಗೆ ಹೋದ್ರ ಕೂತು ಕೇಳಾಕ ಆಗತೈತಿ. ಹಂಗಂತ ಸಭೆಯವರಿಗೆ ಫೋನ್ ಹಚ್ಚೂದನ್ನ ಮುಂದ ಹಾಕಬ್ಯಾಡ್ರಿ, ಇವತ್ತ ಹಚ್ಚ್ರಿ. ಎಎ ಸದಸ್ಯರು ದವಾಖಾನಿಗೇ ಬಂದು ಮಾತಾಡಸೂ ರೂಢಿ ಭಾಳ ಕಡೆ ಐತಿ.

ಚನ್ನಮ್ಮ ವೃತ್ತ
ಅಕ್ಕಾರ ಮಾತಿಗೆ ನನ್ನದೂ ಸಹಿ. ಈಗ ಹುಡುಕುವ ಬಗ್ಗೆ.

ಗೂಗಲ್‌ನಲ್ಲಿ "ಕುಡಿತ ಬಿಡಿಸುವುದು ಬೆಳಗಾವಿ" ಎಂದು ಹಾಕಿದರೆ ಸಾಲಾಗಿ ಬರುವುದು ಖಾಸಗಿ ವ್ಯಸನಮುಕ್ತಿ ಕೇಂದ್ರಗಳು. ಅವು ಬೇರೆ, ಎಎ ಬೇರೆ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಗೊತ್ತುಮಾಡಿದ ವಾರ, ಗೊತ್ತುಮಾಡಿದ ಹೊತ್ತಿಗೆ ಒಂದು ಕೋಣೆಯಲ್ಲಿ ಗಂಟೆ, ಒಂದೂವರೆ ಗಂಟೆ ಕೂಡುವ ಗುಂಪು. ದಾಖಲಾತಿ ಇಲ್ಲ, ಶುಲ್ಕ ಇಲ್ಲ, ಹಾಜರಿ ಪುಸ್ತಕ ಇಲ್ಲ. ಫೋನಿನಲ್ಲಿ ಯಾರಾದರೂ "ಎಎ ನಮ್ಮಲ್ಲೇ ಇದೆ, ತಿಂಗಳಿಗೆ ಇಷ್ಟು ಸಾವಿರ" ಎಂದರೆ ಅದು ಕೇಂದ್ರದ ಖರ್ಚು, ಎಎ ಶುಲ್ಕ ಅಲ್ಲ. ಕೇಂದ್ರಕ್ಕೇ ಸೇರಿಸುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯವ್ಯಸನವೂ ಬರುತ್ತದೆ. ತೋರಿಸಲು ಹಿಂದೆಮುಂದೆ ನೋಡುವ ಕಡೆ ಮನುಷ್ಯರನ್ನು ಬಿಟ್ಟು ಬರಬೇಡಿ.

ಸಭೆಯ ವಿಳಾಸ ಸಿಗುವ ದಾರಿ ಮೂರು. ಎಎಯ ಭಾರತದ ಸೇವಾ ಕಚೇರಿ ಮುಂಬೈನಲ್ಲಿದೆ. ಅವರ ಜಾಲತಾಣದಲ್ಲಿ ಊರುವಾರು ವಿವರ ಹುಡುಕಬಹುದು, ಫೋನ್ ಮಾಡಿದರೆ ನಿಮ್ಮ ಭಾಗದ ಸಂಪರ್ಕ ಕೊಡುತ್ತಾರೆ. ಎರಡನೆಯದು ಆಸ್ಪತ್ರೆಯ ಮನೋರೋಗ ವಿಭಾಗ: ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆ ಅಥವಾ ಕೆಎಲ್‌ಇ ಆಸ್ಪತ್ರೆ, ಬಾಗಲಕೋಟೆ, ವಿಜಯಪುರಗಳ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳು, ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್. ಅಲ್ಲಿ ಡಾಕ್ಟರಿಗಿಂತ ಆಪ್ತ ಸಮಾಲೋಚಕರನ್ನು, ಸಮಾಜ ಕಾರ್ಯಕರ್ತರನ್ನು ಕೇಳುವುದು ಮೇಲು. ಯಾವ ಗುಂಪು ಈಗ ಜೀವಂತ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಮೂರನೆಯದು ಉಚಿತ ಸಹಾಯವಾಣಿಗಳು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ಹಗಲು ರಾತ್ರಿ ಯಾವಾಗಲಾದರೂ ಮಾತಾಡಬಹುದು.

ಎಲ್ಲಿಂದಲೇ ವಿಳಾಸ ಸಿಗಲಿ, ಫೋನ್ ಮಾಡದೆ ಬಸ್ ಹತ್ತಬೇಡಿ. ಜನ ಇಲ್ಲೇ ಎಡವುವುದು. ಪಟ್ಟಿ ಹಳೆಯದಾಗಿರುತ್ತದೆ, ಕೋಣೆ ಬದಲಾಗಿರುತ್ತದೆ, ಶಾಲೆಯ ಕೋಣೆಯಾದರೆ ಪರೀಕ್ಷೆ ವೇಳೆ ಬೀಗ ಬಿದ್ದಿರುತ್ತದೆ. ಧೈರ್ಯ ಮಾಡಿ ಬಂದವರು ಮುಚ್ಚಿದ ಬಾಗಿಲು ನೋಡಿ ಸೀದಾ ಬಾರ್‌ಗೆ ಹೋಗುವುದುಂಟು. ಫೋನ್ ಎತ್ತುವವರು ಸಂಬಳದ ಸಿಬ್ಬಂದಿಯಲ್ಲ, ತಮ್ಮ ಕೆಲಸ ಮುಗಿಸಿ ಸೇವೆ ಮಾಡುವ ಸದಸ್ಯರು. ಹಗಲು ಎತ್ತದಿದ್ದರೆ ಸಂಜೆ 7ರಿಂದ 9ರೊಳಗೆ ಮತ್ತೆ ಮಾಡಿ, ಅಥವಾ "ಸಭೆ ಬಗ್ಗೆ ಕೇಳಬೇಕಿತ್ತು" ಎಂದಷ್ಟೇ ಸಂದೇಶ ಹಾಕಿ. ನಿಮ್ಮ ಹೆಸರು, ಊರು ಹೇಳಬೇಕಿಲ್ಲ. ಕೇಳಬೇಕಾದ್ದು ಇಷ್ಟು: ಈ ವಾರ ಸಭೆ ಇದೆಯೇ, ಶುರು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ? ಮಾತು ಕನ್ನಡವೋ ಮರಾಠಿಯೋ? ಓಪನ್ ಮೀಟಿಂಗೋ ಕ್ಲೋಸ್ಡೋ? ಬಾಗಿಲ ಹತ್ತಿರ ಯಾರಾದರೂ ಭೆಟ್ಟಿ ಆಗ್ತೀರಾ?

ಕೊನೆಯದನ್ನು ಸಂಕೋಚವಿಲ್ಲದೆ ಕೇಳಿ. ಬಸ್ ನಿಲ್ದಾಣಕ್ಕೇ ಬಂದು ಕರೆದುಕೊಂಡು ಹೋಗುವವರೂ ಇರುತ್ತಾರೆ.

ಘಟಪ್ರಭಾ ದಂಡಿ
ಒಮ್ಮೆಲೆ ಬಂದ್ ಮಾಡಸೂದಿಲ್ರಿ ಅಕ್ಕಾರ, ಮೊದಲ ಡಾಕ್ಟರ್ ಕಡೆ. ಓಪನ್, ಕ್ಲೋಸ್ಡ್ ಅಂದ್ರ ಏನ್ರಿ? ಒಳಗ ಹೋದ ಮ್ಯಾಲ ಏನೇನ್ ನಡೀತೈತಿ? ಅವರಿಗೆ "ಎಲ್ಲಾರ ಮುಂದ ನಿಂದರಿಸಿ ಕೇಳತಾರ" ಅನ್ನೂ ಅಂಜಿಕಿ ಭಾಳ ಐತಿ.

ಮಲಪ್ರಭಾ
ಆ ಅಂಜಿಕಿನ ಎಲ್ಲಾರನ್ನೂ ಬಾಗಿಲದಾಗ ನಿಲ್ಲಸೂದು. ಅದಕ್ಕ ಒಳಗಿಂದು ಇದ್ದಂಗ ಹೇಳತೇನಿ.

ಕ್ಲೋಸ್ಡ್ ಮೀಟಿಂಗ್ ಕುಡಿಯೂದು ಬಿಡಬೇಕನ್ನೂ ಆಸೆ ಇದ್ದವರಿಗೆ ಮಾತ್ರ. ಓಪನ್ ಮೀಟಿಂಗಿಗೆ ಮನೀಯವರು, ಗೆಳೆಯರು, ವಿದ್ಯಾರ್ಥಿಗಳು ಯಾರರ ಬರಬಹುದು. ನೀವು ಜೋಡಿ ಹೋಗೂದಿದ್ರ ಮೊದಲನೇ ಸಲ ಓಪನ್ ಇದ್ದ ದಿನ ನೋಡ್ರಿ. ಕ್ಲೋಸ್ಡ್ ಇದ್ರ ನೀವು ಹೊರಗ ಚಾ ಅಂಗಡ್ಯಾಗ ಕೂಡಬೇಕು.

ಕೋಣೆ ದೊಡ್ಡದಿರೂದಿಲ್ಲ. ಪ್ಲಾಸ್ಟಿಕ್ ಕುರ್ಚಿ ದುಂಡಗ ಇಲ್ಲಾ ಎರಡು ಸಾಲ ಹಾಕಿರತಾರ, ಒಂದು ಟೇಬಲ್, ಅದರ ಮ್ಯಾಲ ಪುಸ್ತಕ, ಕೈಪಿಡಿ. ಗ್ವಾಡಿಗೆ ಹನ್ನೆರಡು ಹೆಜ್ಜೆ (ಕುಡಿತ ಬಿಟ್ಟವರು ನಡಿಯೂ ದಾರಿ), ಹನ್ನೆರಡು ಸಂಪ್ರದಾಯ (ಗುಂಪು ನಡಸೂ ರೀತಿ) ಬರದ ಎರಡು ಫಲಕ ತೂಗಹಾಕಿರತಾರ; ಸಭೆ ಮುಗಿದ ಮ್ಯಾಲ ಸುತ್ತಿ ಚೀಲದಾಗ ಹಾಕತಾರ, ಯಾಕಂದ್ರ ಕೋಣೆ ಬ್ಯಾರೆಯವರದು. ನಡಸೂ ಮನುಷ್ಯ ಅವತ್ತಿನ ಪಾಳಿಯವ, ಅಧ್ಯಕ್ಷ ಅಲ್ಲ. ಒಂದು ನಿಮಿಷ ಮೌನ, ಆಮ್ಯಾಲ ಎಎ ಅಂದ್ರ ಏನು ಅನ್ನೂ ಪೀಠಿಕೆ ಓದತಾರ. ಹೊಸಬರು ಯಾರರ ಅದಾರೇನು ಅಂತ ಕೇಳತಾರ. ಕೈ ಎತ್ತಬಹುದು, ಎತ್ತದನೂ ಇರಬಹುದು.

ಆಮ್ಯಾಲ ಶೇರಿಂಗ್. ಒಬ್ಬೊಬ್ಬರು ಹೆಸರು ಹೇಳಿ, "ನಾನು ಮದ್ಯವ್ಯಸನಿ" ಅಂದು, ಐದೋ ಹತ್ತೋ ನಿಮಿಷ ಮಾತಾಡತಾರ. ನಡುವ ಯಾರೂ ಬಾಯಿ ಹಾಕೂದಿಲ್ಲ, ಸಲಹೆ ಕೊಡೂದಿಲ್ಲ, ಸುಳ್ಳು ಖರೆ ತೂಗೂದಿಲ್ಲ. ನಿಮ್ಮವರ ಪಾಳಿ ಬಂದ್ರ "ಇವತ್ತು ಕೇಳತೇನ್ರಿ" ಅಂದ್ರ ಮುಗೀತು, ಮುಂದಿನವರಿಗೆ ಹೋಗತೈತಿ. ತಾನು ವ್ಯಸನಿ ಅಂತ ಹೇಳಲಿಕ್ಕೇ ಬೇಕಂತ ಕಾಯ್ದೆ ಇಲ್ಲ. ಸದಸ್ಯ ಆಗಾಕ ಬೇಕಾದ್ದು ಒಂದ: ಕುಡಿಯೂದು ಬಿಡೂ ಆಸೆ. ಮೂರನೇ ಸಂಪ್ರದಾಯ ಹೇಳೂದ ಅದು.

ಕಡೀಕ ಒಂದು ಡಬ್ಬಿ ಇಲ್ಲಾ ಚೀಲ ಸುತ್ತ ಬರತೈತಿ. ಕೋಣೆ ಬಾಡಿಗಿ, ಚಾ, ಪುಸ್ತಕಕ್ಕ. ಹತ್ತೋ ಇಪ್ಪತ್ತೋ ಹಾಕತಾರ. ಹೊಸಬ ಹಾಕಬೇಕಂತಿಲ್ಲ, ಯಾರೂ ನೋಡೂದೂ ಇಲ್ಲ. ಹೊರಗಿನವರ ದೇಣಿಗೆ ಎಎ ತಗೊಳ್ಳೂದಿಲ್ಲ, ಅದು ಏಳನೇ ಸಂಪ್ರದಾಯ. ಪ್ರಾರ್ಥನೆ ಮಾಡಿ ಮುಗಸತಾರ. ಇಷ್ಟು ದಿನ ಕುಡಿಲಾರದ ಇದ್ದೇನಿ ಅನ್ನೂದಕ್ಕ ಕೆಲವು ಗುಂಪು ಬಿಲ್ಲೆ ಕೊಡತಾವ, ಮೊದಲಿನದು 24 ತಾಸಿಗೆ.

ಇನ್ನ ನನ್ನ ಲೆಕ್ಕದಾಗ ಮುಖ್ಯ ಹೊತ್ತು ಅಂದ್ರ ಮುಗಿದ ಮ್ಯಾಲಿನ ಹತ್ತು ನಿಮಿಷ. ಚಾ ಕುಡಿಯೂವಾಗ ನಂಬರ್ ಕೊಡತಾರ. ಸಭೆ ಮುಗಿದಕೂಡ್ಲೆ ಚಪ್ಪಲಿ ಹಾಕ್ಕೊಂಡು ಓಡಿದ್ರ ಆ ನಂಬರ್ ಸಿಗೂದಿಲ್ಲ. ಮುಂದಿನ ವಾರದ ತನಕ ನಡುವ ಆರು ಸಂಜಿ ಇರತಾವಲ್ರಿ, ಆ ಆರು ಸಂಜಿಗೆ ಬೇಕಾದ್ದು ಅದ ನಂಬರ್. ಕಮ್ಮಿ ಅಂದ್ರ ಇಬ್ಬರು ಮೂವರದು ತಗೋಬೇಕು, ಒಬ್ಬರು ಎತ್ತದಿದ್ರ ಇನ್ನೊಬ್ಬರು. ಗಂಡಸರು ಗಂಡಸರದು, ಹೆಣ್ಣಮಕ್ಕಳು ಹೆಣ್ಣಮಕ್ಕಳದು ತಗೊಳ್ಳೂದು ಲೇಸು.

ಇಳಕಲ್ ಮಗ್ಗ
ಎಎ ಒಂದ ದಾರಿ ಅಂತ ತಿಳೀಬ್ಯಾಡ್ರಿ. ಹಳ್ಳಿಯವರಿಗೆ ಹತ್ತಿರದ್ದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ. ಸಾಮಾನ್ಯವಾಗಿ ಎಂಟು ದಿನ, ಅಲ್ಲೇ ಇರಬೇಕು. ಮುಗಿದ ಮ್ಯಾಲ ಬಿಟ್ಟವರೆಲ್ಲಾ ಸೇರಿ ನವಜೀವನ ಸಮಿತಿ ಅಂತ ಮಾಡ್ಕೊಂಡು ಕೂಡತಾರ. ಯೋಜನೆಯ ತಾಲ್ಲೂಕು ಕಚೇರಿಯಾಗ ಕೇಳ್ರಿ, ಇಲ್ಲಾ ನಿಮ್ಮ ಊರ ಸ್ವಸಹಾಯ ಸಂಘದ ಸೇವಾಪ್ರತಿನಿಧಿಗೆ ಕೇಳ್ರಿ, ಮುಂದಿನ ಶಿಬಿರ ಎಲ್ಲಿ ಅಂತ ಹೇಳತಾರ. ಫಿಟ್ಸ್ ಬಂದಿದ್ದವರು, ಲಿವರ್ ತ್ರಾಸ ಇದ್ದವರು ಮೊದಲ ದವಾಖಾನಿ, ಆಮ್ಯಾಲ ಶಿಬಿರ.

ಶಿಬಿರ ಮುಗಿಸಿ ಹಾರ ಹಾಕ್ಕೊಂಡು ಬಂದವರು ಸಮಿತಿಗೆ ಹೋಗದಿದ್ರ ಎರಡು ತಿಂಗಳಿನಾಗ ಮೊದಲಿನಂಗ ಆಗೂದು ಭಾಳ. ನಮ್ಮ ಇಳಕಲ್ಲಿನ ಡಾ. ಮಹಾಂತ ಅಪ್ಪಗಳು ಜೋಳಿಗಿ ಹಿಡಿದು ಮನಿ ಮನಿಗೆ ಹೋಗಿ ಚಟ ಬೇಡಿದ್ರು, ಅವರ ಹುಟ್ಟಿದ ದಿನ ಆಗಸ್ಟ್ 1ನ್ನ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸತೈತಿ. ಜೋಳಿಗಿಗೆ ಹಾಕೂದು ಒಂದು ದಿನದ ಮಾತು, ಮರುದಿನದಿಂದ ಕೂಡಾಕ ನಾಕು ಮಂದಿ ಬೇಕಾಗತಾರ. ಶಿಬಿರ ಮುಗಿಸಿದವರು ಎಎಗೂ ಹೋಗಬಹುದು, ಯಾರೂ ಬ್ಯಾಡ ಅನ್ನೂದಿಲ್ಲ.

ಹೊಳಿಸಾಲು
ಇಷ್ಟೆಲ್ಲಾ ಯಾಕ್ರಿ? ಚಾದಾಗ ಹಾಕೂ ಪುಡಿ ಬರತೈತಿ, ಗೊತ್ತಾಗಲಾರದಂಗ ಹಾಕಿದ್ರ ತಾನ ಬಿಡತಾರ ಅಂತ ಬಸ್ ಸ್ಟ್ಯಾಂಡಿನ್ಯಾಗ ಚೀಟಿ ಅಂಟಿಸಿರತಾರ. ಅದು ನಡಿಯೂದಿಲ್ಲೇನು?

ದವಾಖಾನಿ ಅಕ್ಕ
ಅಣ್ಣಾ, ಅದನ್ನ ಯಾರಿಗೂ ಹೇಳಬ್ಯಾಡ್ರಿ. ಆ ಪುಡ್ಯಾಗ ಏನೈತಿ ಅಂತ ಪೊಟ್ಟಣದ ಮ್ಯಾಲ ಬರದಿರೂದಿಲ್ಲ. ಅದರಾಗ ಡೈಸಲ್ಫಿರಾಮ್ ಅನ್ನೂ ಕುಡಿತ ಬಿಡಿಸೂ ಔಷಧ ಇತ್ತಂದ್ರ ಏನಾಗತೈತಿ ಕೇಳ್ರಿ. ಅದು ಮೈಯಾಗ ಇದ್ದಾಗ ಕುಡದ್ರ ಮುಖ ಕೆಂಪಾಗಿ, ಎದಿ ಡವಗುಟ್ಟಿ, ವಾಂತಿ ಆಗಿ, ಬಿಪಿ ಇಳಿದು ಬೀಳತಾರ. ಹೃದಯದ ತ್ರಾಸ ಇದ್ದವರು ಸತ್ತ ಹೋಗಬಹುದು. ಕುಡಿಯೂ ಮನುಷ್ಯಾಗ ಗೊತ್ತಿಲ್ಲಂದ್ರ ಅಂವ ಕುಡದ ಕುಡೀತಾನಲ್ರಿ.

ಡೈಸಲ್ಫಿರಾಮ್ ಡಾಕ್ಟರ್ ಬರದ್ರ ಒಳ್ಳೇ ಔಷಧ. ರೋಗಿ ಒಪ್ಪಿರಬೇಕು, ಕಡೀ ಸಲ ಕುಡಿದು ಕಮ್ಮಿ ಅಂದ್ರ 12 ತಾಸು ಆಗಿರಬೇಕು, ಲಿವರ್ ಪರೀಕ್ಷೆ ಮಾಡಿರಬೇಕು. ಗುಳಿಗಿ ಬಿಟ್ಟ ಮ್ಯಾಲೂ ಎರಡು ವಾರದ ತನಕ ಅದರ ಪರಿಣಾಮ ಇರಬಹುದು, ಆಲ್ಕೊಹಾಲ್ ಇರೂ ಕೆಮ್ಮಿನ ಔಷಧಕ್ಕೂ ಕೆರಳತೈತಿ. ಕುಡಿಯೂ ಆಸೆ ತಗ್ಗಸಾಕ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬ್ಯಾರೆ ಗುಳಿಗಿನೂ ಅದಾವ. ಯಾರಿಗೆ ಯಾವುದು ಅನ್ನೂದು ಲಿವರ್, ಕಿಡ್ನಿ ನೋಡಿ ಡಾಕ್ಟರ್ ಹೇಳಬೇಕು.

ಸಭೆಯಾಗ ಯಾರರ "ಗುಳಿಗಿ ಬಿಟ್ಟುಬಿಡು, ಸಭೆ ಒಂದ ಸಾಕು" ಅಂದ್ರ ಕೇಳಬ್ಯಾಡ್ರಿ. ಸದಸ್ಯರು ವೈದ್ಯರಾಗಬಾರದು ಅನ್ನೂದ ಎಎಯ ನಿಲುವು.

ಗುಮ್ಮಟದ ನೆರಳು
ವಿಜಯಪುರ ಜಿಲ್ಲೆಯವರಿಗೆ ಒಂದೆರಡು ಮಾತು. ಎಎ ಒಳಗ ಹೊಸಬರಿಗೆ "90 ದಿನದಾಗ 90 ಸಭೆ" ಅಂತ ಹೇಳೂ ರೂಢಿ ಅದ. ಬೆಂಗಳೂರು, ಮುಂಬೈದಾಗ ಅದು ಆಗ್ತದ, ಇಂಡಿ, ಸಿಂದಗಿ, ಮುದ್ದೇಬಿಹಾಳದಾಗ ಕೂತವರಿಗೆ ಹ್ಯಾಂಗ ಆಗ್ತದ? ಆಗಲಿಲ್ಲಂತ ಕೈ ಬಿಡೋದು ಬ್ಯಾಡ. ವಾರಕ್ಕ ಒಂದು ಖುದ್ದು ಸಭೆ, ಉಳಿದ ದಿನ ಆನ್‌ಲೈನ್ ಸಭೆ ಇಲ್ಲಾ ಒಂದು ಫೋನು, ಇದನ್ನ ಮೂರು ತಿಂಗಳು ತಪ್ಪಲಾರದೆ ನಡಸ್ರಿ. ನನಗ ಕೇಳಿದ್ರ ಈ ಭಾಗಕ್ಕ ಒಗ್ಗೋದು ಇದೇ.

ಬಸ್ಸಿನ ಲೆಕ್ಕ ಮೊದಲು ಹಾಕ್ರಿ. ಸಂಜೀ ಸಭೆ ಎಂಟಕ್ಕ ಮುಗಿದ್ರ ಹಳ್ಳಿಗೆ ವಸ್ತಿ ಬಸ್ ಸಿಗ್ತದೋ ಇಲ್ಲೋ? ಸಿಗಲಾರದ ಊರಿನವರು ನಡುವ ಎದ್ದು ಬರ್ತಾರ, ಆಮ್ಯಾಲ ಬರೋದೇ ಬಿಡ್ತಾರ. ಅಂಥವರಿಗೆ ಭಾನುವಾರ ಹಗಲು ಹೊತ್ತಿನ ಸಭೆ ಎಲ್ಲೆ ಅದ ಅಂತ ಹುಡುಕಬೇಕು. ತಡಾ ಆದ್ರ ಹೊರಗ ನಿಂದರೋದು ಬ್ಯಾಡ, ಹಿಂದಿನ ಕುರ್ಚಿಯೊಳಗ ಹೋಗಿ ಕೂಡ್ರಿ, ಯಾರೂ ಏನೂ ಅನ್ನೋದಿಲ್ಲ.

ಆನ್‌ಲೈನ್ ಸಭೆಗೆ ಕೂಡೋ ಮುಂಚೆ ಜೂಮ್‌ದಾಗ ಕಾಣೋ ಹೆಸರು ಬದಲಿ ಮಾಡ್ರಿ. ಭಾಳ ಮಂದಿ ಮೊಬೈಲು ಮಗನ ಹೆಸರಿಲೆ ಇರ್ತದ, ಅಡ್ಡಹೆಸರು ಸಹಿತ ಪರದೆ ಮ್ಯಾಲ ಬರ್ತದ. ಕ್ಯಾಮೆರಾ ಬಂದ್, ಕಿವಿಗೆ ಇಯರ್‌ಫೋನ್, ಮಾತಾಡೋದಿಲ್ಲಂದ್ರ ಮೈಕ್ ಬಂದ್. ಕ್ಯಾಮೆರಾ ಬಂದ್ ಇಟ್ರ ಡೇಟಾನೂ ಕಮ್ಮಿ ಹೋಗ್ತದ. ಉಚಿತ ಜೂಮ್ ಖಾತೆ 40 ನಿಮಿಷಕ್ಕ ತಾನೇ ಕಡೀತದ. "ನನ್ನನ್ನ ಹೊರಗ ಹಾಕಿದ್ರು" ಅಂತ ಬ್ಯಾಸರ ಮಾಡ್ಕೊಬ್ಯಾಡ್ರಿ, ಅದೇ ಲಿಂಕ್ ಮತ್ತೊಮ್ಮೆ ಒತ್ತಿ ನೋಡ್ರಿ. ವಾಟ್ಸಾಪ್ ಗುಂಪಿಗೆ ಸೇರೋದಿದ್ರ ಪ್ರೊಫೈಲ್ ಫೋಟೊ ಮೊದಲು ತೆಗೀರಿ. ಅಲ್ಲೆ ನಿಮ್ಮ ನಂಬರ್ ಎಲ್ಲಾರಿಗೂ ಕಾಣ್ತದ.

ಮುಧೋಳ ರಸ್ತೆ
ಸಭೆ ಚರ್ಚಿನ ಕೋಣೆಯಲ್ಲಿ ನಡೆಯುತ್ತದೆ ಎಂದು ಕೇಳಿದ್ದೇನೆ. ನಮ್ಮ ಮನೆ ಲಿಂಗಾಯತರು, ಹಿರಿಯರು ಒಪ್ಪುವುದಿಲ್ಲ. ಮತಾಂತರದ ಮಾತೇನಾದರೂ ಇರುತ್ತದೆಯೇ?

ಮಲಪ್ರಭಾ
ಇಲ್ರಿ. ಚರ್ಚು, ಶಾಲಿ, ದವಾಖಾನಿ ಇವು ಸಣ್ಣ ಬಾಡಿಗಿಗೆ ಸಂಜೀಕ ಕೋಣೆ ಕೊಡತಾವ, ಅದಕ್ಕ ಅಲ್ಲಿ ನಡೀತಾವ. ಎಎ ಯಾವ ಧರ್ಮಕ್ಕೂ, ಪಕ್ಷಕ್ಕೂ, ಸಂಸ್ಥೆಗೂ ಸೇರಿದ್ದಲ್ಲ, ಪ್ರತಿ ಸಭೆ ಶುರುವಾಗೂವಾಗ ಓದೂ ಪೀಠಿಕೆಯಾಗ ಇದ ಮಾತು ಇರತೈತಿ. 1935ರಾಗ ಅಮೆರಿಕಾದ ಅಕ್ರನ್ ಊರಾಗ ಒಬ್ಬ ಷೇರುಪೇಟೆಯವ, ಒಬ್ಬ ಡಾಕ್ಟರ್, ಇಬ್ಬರೂ ಕುಡಿತದಿಂದ ಹೈರಾಣ ಆದವರು, ಕೂಡಿ ಶುರು ಮಾಡಿದ್ದು. ಭಾರತಕ್ಕ 1957ರಾಗ ಮುಂಬೈಗೆ ಬಂತು. ಹೆಜ್ಜೆಗಳೊಳಗ ದೇವರ ಮಾತು ಐತಿ, ಖರೆ. ಆದ್ರ "ನಾವು ತಿಳಿದುಕೊಂಡಂಥ ದೇವರು" ಅಂತೈತಿ. ನಿಮ್ಮ ಹಿರಿಯರು ಕೊರಳಾಗ ಲಿಂಗ ಕಟ್ಟಿಕೊಂಡ ಬಂದು ಕೂಡಬಹುದು. ಬಾಜೂಕ ನಮಾಜ್ ಮಾಡಿ ಬಂದವರು ಕೂತಿರಬಹುದು, ದೇವರನ್ನ ನಂಬದವರೂ ಕೂತಿರಬಹುದು. ಮನೀ ಹಿರಿಯರಿಗೆ ಇನ್ನೂ ಸಂಶಯ ಇದ್ರ ಒಂದು ಓಪನ್ ಮೀಟಿಂಗಿಗೆ ಅವರನ್ನೂ ಕರಕೊಂಡ ಹೋಗಿ ಕೂಡಿಸ್ರಿ.

ಬನಶಂಕರಿ ವೈನಿ
ಮನೀ ಹೆಣ್ಣಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ಮದ್ಯವ್ಯಸನಿಗಳ ಮನೀಯವರಿಗೆ ಅಲ್-ಅನಾನ್ ಅಂತ ಬ್ಯಾರೆ ಸಭೆ ಐತಿ, 1951ರಿಂದ ನಡದೈತಿ. ಹದಿವಯಸ್ಸಿನ ಮಕ್ಕಳಿಗೆ ಅಲಾಟೀನ್. ಗಂಡ ಸಭೆಗೆ ಬರಲಿ ಬಿಡಲಿ, ಹೆಂಡತಿ ಹೋಗಬಹುದು. ಗಂಡ ಇನ್ನೂ ಕುಡೀತಿದ್ರೂ ಹೋಗಬಹುದು. ನಮ್ಮ ಕಡೆ ಖುದ್ದು ಸಭೆ ಸಿಗೂದು ಅಪರೂಪ, ಎಎ ಸಂಪರ್ಕದವರನ್ನ ಕೇಳಿದ್ರ ಹತ್ತಿರದ್ದು ಇಲ್ಲಾ ಆನ್‌ಲೈನ್ ತಿಳಿಸತಾರ. ಶಕ್ತಿ ಯೋಜನೆ ಇರೂದ್ರಿಂದ ಸಾದಾ ಬಸ್ಸಿನ್ಯಾಗ ಟಿಕೆಟ್ ರೊಕ್ಕ ಇಲ್ಲ, ಆಧಾರ್ ಕಾರ್ಡ್ ಚೀಲದಾಗ ಇರಲಿ.

ಅಲ್ಲಿ ಗಂಡನ್ನ ಬಿಡಿಸೂ ಉಪಾಯ ಹೇಳತಾರ ಅಂತ ಹೋದವರಿಗೆ ಮೊದಮೊದಲ ನಿರಾಸೆ ಆಗತೈತಿ. ಅಲ್ಲಿ ಕಲಸೂದು ಬ್ಯಾರೆ: ಬಾಟ್ಲಿ ಹುಡುಕಿ ಒಡಿಯೂದು, ಕಿಸೆ ತಪಾಸಣಿ, ಅವರು ಮಾಡಿದ ಸಾಲ ಬಂಗಾರ ಒತ್ತಿ ಇಟ್ಟು ತೀರಸೂದು, ಕೆಲಸಕ್ಕ ಹೋಗದ ದಿನ "ಜ್ವರ ಬಂದಾವ್ರಿ" ಅಂತ ಸಾಹುಕಾರ್ಗೆ ಸುಳ್ಳು ಹೇಳೂದು, ಇವನ್ನ ಹೆಂಗ ನಿಲ್ಲಸೂದಂತ. ಸಾಲ ನಾವ ತೀರಸತಾ ಹೋದ್ರ ಅವರಿಗೆ ಕುಡಿತದ ಭಾರ ಗೊತ್ತಾಗೂದ ಇಲ್ಲ. ಹೊಡಿಬಡಿ ಇದ್ದ ಮನಿ ಆದ್ರ ಮಾತು ಬ್ಯಾರೆ. ಅದಕ್ಕ ಸಭೆ ಕಾಯಬ್ಯಾಡ್ರಿ, 112ಕ್ಕ ಇಲ್ಲಾ ಮಹಿಳಾ ಸಹಾಯವಾಣಿ 181ಕ್ಕ ಫೋನ್ ಹಚ್ಚ್ರಿ.

ಕುಡಿಯೂ ಹೆಣ್ಣಮಕ್ಕಳೂ ಅದಾರ, ಅವರು ಎಎಗೇ ಹೋಗಬೇಕು. ಕೋಣೆ ತುಂಬ ಗಂಡಸರ ಇರತಾರೇನೋ ಅಂತ ಅಂಜಿಕಿ ಇದ್ರ "ಹೆಣ್ಣಮಕ್ಕಳು ಯಾರರ ಬರತಾರೇನು" ಅಂತ ಫೋನಿನ್ಯಾಗ ಮೊದಲ ಕೇಳ್ರಿ. ಹೆಣ್ಣಮಕ್ಕಳದ ಆನ್‌ಲೈನ್ ಸಭೆ ಬ್ಯಾರೆ ನಡೀತಾವ.

ಚನ್ನಮ್ಮ ವೃತ್ತ
ಊರಲ್ಲಿ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆ ಉಳಿದಿದೆ. ಕೋಣೆಯಲ್ಲಿ ಕಂಡವರನ್ನು, ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬುದು ಎಲ್ಲ ಸದಸ್ಯರೂ ಒಪ್ಪಿಕೊಂಡ ನಡವಳಿಕೆ. ಇದು ನಂಬಿಕೆಯ ಮೇಲೆ ನಿಂತಿದ್ದು, ಕಾನೂನಿನ ಕಟ್ಟು ಅಲ್ಲ. ಹಾಗಾಗಿ ಮೊದಲ ದಿನವೇ ಕೋರ್ಟ್ ಕೇಸು, ಆಸ್ತಿ ಜಗಳ, ನೌಕರಿಯ ಗುಟ್ಟು ಎಲ್ಲವನ್ನೂ ಕೋಣೆಯಲ್ಲಿ ಬಿಚ್ಚಿಡಬೇಡಿ. ಅಂಥದ್ದನ್ನು ಸ್ಪಾನ್ಸರ್ ಹತ್ತಿರ ಒಬ್ಬರೇ ಕೂತು ಹೇಳಬೇಕು. ಸ್ಪಾನ್ಸರ್ ಅಂದರೆ ಹೆಜ್ಜೆಗಳಲ್ಲಿ ನಡೆಸಿಕೊಂಡು ಹೋಗುವ ಹಳೆಯ ಸದಸ್ಯ. ಕನಿಷ್ಠ ವರ್ಷದಿಂದ ಕುಡಿಯದವರು, ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು, ನೆಂಟರಲ್ಲದವರು, ಫೋನ್ ಎತ್ತುವವರು ಆದರೆ ಒಳ್ಳೆಯದು. ಸಾಲ ಕೇಳುವವರು, ಕೊಡುವವರು ಬೇಡ. ಮೊದಲ ತಿಂಗಳು ತಾತ್ಕಾಲಿಕವಾಗಿ ಒಬ್ಬರನ್ನು ಕೇಳಿ, ಹೊಂದದಿದ್ದರೆ ಬದಲಿಸಬಹುದು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸರ್ಕಾರಿ ನೌಕರರು, ಕಾರ್ಖಾನೆಯವರು ಹಾಜರಾತಿ ಪತ್ರ ಕೇಳುವುದುಂಟು. ಹಾಜರಿಯೇ ಇಡದ ಗುಂಪು ಪತ್ರ ಕೊಡುವುದು ಕಷ್ಟ. ರಜೆಗೆ, ಮೇಲಧಿಕಾರಿಗೆ ಕಾಗದ ಬೇಕಿದ್ದರೆ ಆಸ್ಪತ್ರೆಯ ಚೀಟಿಯೇ ಗತಿ.

ಒಂದು ಸಭೆ ಹಿಡಿಸಲಿಲ್ಲವೆಂದು ತೀರ್ಮಾನಕ್ಕೆ ಬರಬೇಡಿ. ಒಂದು ಗುಂಪು ಬರೀ ಹಿರಿಯರದು, ಒಂದು ಕಡೆ ಮಾತೆಲ್ಲ ಮರಾಠಿ, ಮತ್ತೊಂದು ಕಡೆ ಒಬ್ಬರೇ ಅರ್ಧ ಗಂಟೆ ಮಾತಾಡುತ್ತಾರೆ. ಐದಾರು ಸಲ, ಸಾಧ್ಯವಾದರೆ ಎರಡು ಗುಂಪಿಗೆ ಹೋಗಿ ನೋಡಿದ ಮೇಲೆ ಹೇಳಿ. ಹತ್ತಿರದ ಗುಂಪಿಗಿಂತ ತನ್ನ ಭಾಷೆಯ ಗುಂಪಿಗೆ ಒಂದು ತಾಸು ಹೆಚ್ಚು ಪ್ರಯಾಣ ಮಾಡಿ ಹೋಗುವವರು ಉಳಿದುಕೊಳ್ಳುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬನಹಟ್ಟಿ ನೇಕಾರ
ನಮ್ಮ ತಾಲ್ಲೂಕಿನ್ಯಾಗ ಗುಂಪ ಇಲ್ಲಂದ್ರ ನಾವ ಶುರು ಮಾಡಬಹುದೇನ್ರಿ? ಯಾರ ಅಪ್ಪಣಿ ಬೇಕು?

ಗುಮ್ಮಟದ ನೆರಳು
ಮಾಡಬಹುದ್ರಿ ಅಣ್ಣಾರ. ಕುಡಿಯೋದು ಬಿಡಬೇಕನ್ನೋ ಇಬ್ಬರು ಮೂವರು ಅದಕ್ಕಾಗೇ ಕೂಡಿದ್ರ ಅದೇ ಎಎ ಗುಂಪು, ಬ್ಯಾರೆ ಯಾವ ಸಂಸ್ಥೆಗೂ ಗುಂಪು ಜೋತುಬಿದ್ದಿರಬಾರದು ಅಷ್ಟೇ. ಮುಂಬೈ ಸೇವಾ ಕಚೇರಿಗೆ ತಿಳಿಸಿದ್ರ ಪಟ್ಟಿಯೊಳಗ ಸೇರಸ್ತಾರ, ಪುಸ್ತಕ ತರಿಸಬಹುದು. ಹತ್ತಿರದ ನಡೆಯೋ ಗುಂಪಿನಿಂದ ಹಳಬರೊಬ್ಬರನ್ನ ಮೊದಲಿನ ಎರಡು ಮೂರು ತಿಂಗಳು ಕರಸ್ರಿ.

ಕೋಣೆ ಹತ್ತು ಕುರ್ಚಿ ಹಿಡಿಯೋವಷ್ಟು ಇದ್ರ ಸಾಕು. ಬಾಗಿಲು ಮುಚ್ಚಬೇಕು, ಬಸ್ ಸ್ಟ್ಯಾಂಡಿನಿಂದ ನಡಕೊಂಡು ಹೋಗೋವಂಗ ಇರಬೇಕು, ದಾರಿಯೊಳಗ ವೈನ್ ಶಾಪ್ ದಾಟೋದು ಬ್ಯಾಡ. ಪುಕ್ಕಟೆ ಕೊಟ್ರೂ ಸಣ್ಣ ಬಾಡಿಗಿ ಕೊಡ್ರಿ, ಋಣದ ಮ್ಯಾಲ ನಡೆಯೋದು ಬ್ಯಾಡ. ಕೀಲಿ ಇಬ್ಬರ ಕಡೆ ಇರಬೇಕು. ಒಬ್ಬರ ಕಡೆ ಇದ್ದು ಅವರು ಮದುವಿಗೆ ಹೋದ ವಾರವೇ ಹೊಸಬ ಬರ್ತಾನ. ಯಾರೂ ಬರಲಿಲ್ಲಂದ್ರೂ ಬಾಗಿಲು ತೆಗೆದು ಆ ಒಂದು ತಾಸು ಕೂಡಬೇಕು. ವಾರ, ಹೊತ್ತು ಬದಲಿ ಮಾಡಬಾರದು.

ಗುಂಪು ಮುರಿಯೋದು ಹ್ಯಾಂಗ ಅಂದ್ರ, ಒಬ್ಬರ ಮನ್ಯಾಗ ಇಟ್ಟು ಅವರೇ ಯಜಮಾನರಾಗೋದು, ರಾಜಕಾರಣಿ ಕಡಿಂದ ಉದ್ಘಾಟನೆ ಮಾಡಸೋದು, ಸಭೆಯ ಫೋಟೊ ಫೇಸ್‌ಬುಕ್‌ಗೆ ಹಾಕೋದು. ಫೋಟೊ ಒಂದು ಹೊರಗ ಬಂತಂದ್ರ ಮುಂದಿನ ವಾರ ಕುರ್ಚಿ ಖಾಲಿ. ಡಬ್ಬಿ ರೊಕ್ಕದ ಲೆಕ್ಕ ತಿಂಗಳಾ ಎಲ್ಲಾರ ಮುಂದ ಓದ್ರಿ, ಹೊಣೆ ಆರು ತಿಂಗಳಿಗೊಮ್ಮೆ ಬದಲಿ ಮಾಡ್ರಿ.

ಇಳಕಲ್ ಮಗ್ಗ
ಯಾವ ದಿನ ಎಡವತಾರ ಅನ್ನೂದನ್ನ ಮೊದಲ ಕ್ಯಾಲೆಂಡರ್‌ದಾಗ ಗುರ್ತು ಹಾಕಿ ಇಡ್ರಿ. ನೇಕಾರರಿಗೆ ಮಜೂರಿ ಆಗೂ ದಿನ ಮತ್ತ ಸಂತಿ ದಿನ, ರೈತರಿಗೆ ಕಬ್ಬಿನ ಬಿಲ್ ಜಮಾ ಆಗೂ ವಾರ. ಬಾಗಲಕೋಟಿ ಹೋಳಿ ಬಣ್ಣದ ದಿನಗಳು, ಬನಶಂಕರಿ ಜಾತ್ರಿ, ವಿಜಯಪುರದ ಸಿದ್ಧೇಶ್ವರ ಜಾತ್ರಿ, ಊರ ದ್ಯಾವರ ಪರು, ಮದುವಿ ಸೀಜನ್. ಬೆಳಗಾವಿ ಕಡೆಯವರಿಗೆ ಗೋವಾಕ್ಕ ಹೋಗೂ ಗೆಳೆಯರ ಗಾಡಿ. ಆ ದಿನ ರೊಕ್ಕ ಕೈಯಾಗ ಇರಬಾರದು, ಅವರ ಒಪ್ಪಿ ಮನೀಯವರ ಖಾತೆಗೆ ಹಾಕಿಸೂದು ಬೇಷ್. ಹಸಿವಿ, ಸಿಟ್ಟು, ಒಂಟಿತನ, ದಣಿವು ಈ ನಾಕು ಇದ್ದಾಗ ಆಸೆ ಜೋರು ಅಂತ ಎಎಯಾಗ ಹೇಳತಾರ. ಮೊದಲ ಹೊಟ್ಟಿ ತುಂಬ ಉಣಸ್ರಿ, ಆಮ್ಯಾಲ ಫೋನ್ ಕೈಗೆ ಕೊಡ್ರಿ. ಫೋನ್ ಹಚ್ಚೂದು ಮೊದಲನೇ ಗ್ಲಾಸಿಗೆ ಮುಂಚೆ, ಕುಡದ ಮ್ಯಾಲಲ್ಲ.

ಒಂದು ವ್ಯಾಳೆ ಕುಡದ್ರ ಮರುದಿನ ಸಭೆಗೆ ಹೋಗಬೇಕು. ಯಾರೂ ಹೊರಗ ಹಾಕೂದಿಲ್ಲ, ದಿನದ ಲೆಕ್ಕ ಮತ್ತ ಒಂದರಿಂದ. ಕುಡದ ಅವಸ್ಥೆಯಾಗ ಬಂದವರನ್ನೂ ಸುಮ್ಮನ ಕೂತಿದ್ರ ಕೂಡಿಸಿಕೊಳ್ಳತಾರ, ಮಾತಾಡಾಕ ಮಾತ್ರ ಬಿಡೂದಿಲ್ಲ.

ಘಟಪ್ರಭಾ ದಂಡಿ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಧಾರವಾಡ, ಬೆಳಗಾವಿ ತನಕ ಹೋಗಲಾರದ ಗೋಕಾಕದಾಗ ಮನೋವೈದ್ಯರು ಸಿಗತಾರೇನ್ರಿ ಅಕ್ಕಾರ? ಹೋಗೂವಾಗ ಏನೇನ್ ತಗೊಂಡು ಹೋಗಬೇಕು?

ದವಾಖಾನಿ ಅಕ್ಕ
ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಐತಿ, ಮಂಗಳವಾರ ಮನೋವೈದ್ಯರು ತಾಲ್ಲೂಕು ದವಾಖಾನಿಗೆ ಬರತಾರ. ಎಲ್ಲಾ ತಾಲ್ಲೂಕಿಗೂ ಪ್ರತಿ ಮಂಗಳವಾರ ಬರತಾರ ಅಂತ ಏನಿಲ್ಲ, ಅದಕ್ಕ ಗೋಕಾಕದ ಪಾಳಿ ಯಾವ ಮಂಗಳವಾರ ಅಂತ ಚೀಟಿ ಬರಿಯೂ ಕೌಂಟರಿನ್ಯಾಗ ಇಲ್ಲಾ ಊರ ಆಶಾ ಕಾರ್ಯಕರ್ತೆಗೆ ಕೇಳ್ರಿ. ಆ ದಿನ ದೂರ ಇತ್ತಂದ್ರ ಕಾಯಬ್ಯಾಡ್ರಿ, ಸೀದಾ ಬಿಮ್ಸ್‌ಗೆ ಹೋಗ್ರಿ. ಅಲ್ಲಿ ತನಕ ಅವರು ತಾವಾಗಿ ದಿಢೀರ್ ಅಂತ ನಿಲ್ಲಸೂದು ಬ್ಯಾಡ.

ಆಧಾರ್, ರೇಷನ್ ಕಾರ್ಡ್, ಹಳೇ ಚೀಟಿ, ಈಗ ತಗೊಳ್ಳೂ ಬಿಪಿ ಸಕ್ಕರಿ ಗುಳಿಗಿ ಪೊಟ್ಟಣ ಸಹಿತ. ಒಂದು ಹಾಳಿ ಮ್ಯಾಲ ಬರಕೊಳ್ರಿ: ದಿನಕ್ಕ ಎಷ್ಟು, ಎಷ್ಟು ವರ್ಷದಿಂದ, ಕಡೀ ಸಲ ಕುಡದ ಹೊತ್ತು, ಹಿಂದ ಬಿಟ್ಟಾಗ ಏನಾಗಿತ್ತು, ಫಿಟ್ಸ್ ಬಂದಿತ್ತೇನು, ವಾಂತ್ಯಾಗ ರಕ್ತ, ಕಣ್ಣು ಹಳದಿ ಆಗಿದ್ದು ಐತೇನು. ರಾತ್ರಿ ಜೋಡಿ ಇರಾಕ ಒಬ್ಬರು ತಯಾರ ಇರ್ರಿ. ಡಾಕ್ಟರ್ ನೋಡಿ ಮುಗಿದ ಮ್ಯಾಲ ಅಲ್ಲೇ ಸಮಾಲೋಚಕರ ಕೋಣೆಗೆ ಹೋಗಿ ಎಎ ನಂಬರ್ ಕೇಳ್ರಿ, ಅವರ ಮುಂದನ ಫೋನ್ ಹಚ್ಚಿ ರೋಗಿ ಕೈಗೆ ಕೊಡ್ರಿ.